ವಾರಸುದಾರರಿಲ್ಲದ ಜೇನು

ವಾಲ್ಪಾರೈ ಘಾಟಿನ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರಾಗಿದ್ದ ಮಾಯಣ್ಣನನ್ನು ನಿವೃತ್ತಿಯಾದ ಮೇಲೆ ಯಾರೂ ಯಾವ ಕೆಲಸಕ್ಕೂ ನಂಬುತ್ತಿರಲಿಲ್ಲ. ಒಲೆಯ ಮೇಲಿನ ಹಾಲನ್ನು ಕೂಡ ಹೆಂಡತಿ ಅವನಿಗೆ ಒಪ್ಪಿಸಿ ಹೋಗುತ್ತಿರಲಿಲ್ಲ. ಎರಡು ಸಲ ಒಪ್ಪಿಸಿ, ಎರಡು ಸಲವೂ ತಳ ಹಿಡಿದ ಪಾತ್ರೆ ಉಜ್ಜಿ ಅವಳಿಗೆ ಸಾಕಾಗಿತ್ತು. ಹೀಗಿರುವಾಗ ಕಾರಮಡೈಯ ಅಕ್ಕ ಸುಬ್ಬಾತಾಳ್ ಫೋನ್ ಮಾಡಿದಳು.

"ಮಗಳಿಗೆ ಕಾಲು ಉಳುಕಿಬಿಟ್ಟೈತೆ. ಮದುಕ್ಕರೈಗೆ ಹೋಗಿ ಹತ್ತು ದಿನ ಇದ್ದು ಬರ್ತೀನಿ. ನೀನು ನಮ್ಮನೇಲಿದ್ದು ಹಿತ್ತಲ ಜೇನು ಭದ್ರಮಾ ನೋಡ್ಕೊ ತಮ್ಮಾ."

ಮಾಯಣ್ಣನ ಎದೆ ಉಬ್ಬಿತು. ಈ ಹತ್ತು ದಿನ ನೆಟ್ಟಗೆ ದಾಟಿಸಿಬಿಟ್ಟರೆ ತಾನೂ ನಂಬಿಕೆಯ ಮನುಷ್ಯ ಎಂಬ ಮಾತು ನೆಂಟರ ಬಾಯಲ್ಲಿ ಬರುತ್ತದೆ. ಅವನಿಗೆ ಬೇಕಾಗಿದ್ದು ಅಷ್ಟೇ.

ಇದ್ದದ್ದು ಮೂರು ಪೆಟ್ಟಿಗೆ. ಇರುವೆ ಹತ್ತದಂತೆ ಅವುಗಳ ಕಾಲ ಕೆಳಗಿನ ಬಟ್ಟಲುಗಳಿಗೆ ನೀರು ತುಂಬಿಸಬೇಕು, ಬೆಳಗ್ಗೆ ಸಂಜೆ ಬಾಗಿಲಲ್ಲಿ ಹುಳಗಳ ಓಡಾಟ ನೋಡಬೇಕು. ಮುಚ್ಚಳ ಮುಟ್ಟಕೂಡದು. ಮಾಯಣ್ಣ ದಿನವೂ ಸ್ನಾನ ಮಾಡಿ, ಹಳೆಯ ಖಾಕಿ ಅಂಗಿ ತೊಟ್ಟು, ಪೆಟ್ಟಿಗೆಗಳ ಮುಂದೆ ನಿಂತು, "ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ!" ಎನ್ನುತ್ತಿದ್ದ. ಸಂಜೆ ಅಕ್ಕನ ಫೋನ್ ಬಂದರೆ ಒಂದೇ ವರದಿ: "ಮೂರೂ ಸೌಖ್ಯ."

ಆರನೆಯ ದಿನ ಅವನು ಇಡ್ಲಿ ತಿನ್ನುತ್ತಿದ್ದಾಗ ಹಿತ್ತಲಲ್ಲಿ ಭೋರೆಂದು ಸದ್ದಾಯಿತು. ಓಡಿಬಂದು ನೋಡಿದರೆ ಜೇನಿನ ದೊಡ್ಡ ಹಿಂಡೊಂದು ಗಾಳಿಯಲ್ಲಿ ಸುತ್ತುತ್ತ ಗೋಡೆ ದಾಟುತ್ತಿತ್ತು. ಹಿಂಡು ಕೆಳಗಿಳಿಯಲೆಂದು ಪಕ್ಕದ ಮನೆಯ ಕುಪ್ಪಮ್ಮ ತಟ್ಟೆ ಬಡಿದಳು, ಮಣ್ಣು ತೂರಿದಳು. ಹಿಂಡು ಅವಳ ನುಗ್ಗೆ ಮರದ ಕೊಂಬೆಗೆ ಇಳಿಬಿತ್ತು. ಮಾಯಣ್ಣ ತಲೆಗೆ ಸೊಳ್ಳೆಪರದೆ ಸುತ್ತಿಕೊಂಡು, ಇದ್ದಬದ್ದ ದೇವರನ್ನೆಲ್ಲ ಕರೆದು, ಕೊಂಬೆ ಕೊಡವಿ ಹುಳಗಳನ್ನು ಬಿದಿರು ಬುಟ್ಟಿಗೆ ಬೀಳಿಸಿ ಬಟ್ಟೆ ಮುಚ್ಚಿದ. ಮೂಗಿಗೆ ಒಂದು, ಕಿವಿಗೆ ಎರಡು ಕಡಿತ ಬಿದ್ದವು.

ಯಾವ ಪೆಟ್ಟಿಗೆ ಖಾಲಿಯಾಗಿದೆ ಎಂದು ನೋಡಲು ಬಂದವನು ಬೆರಗಾದ. ಮೂರೂ ಬಾಗಿಲಲ್ಲಿ ಹುಳಗಳು ಎಂದಿನಂತೆ ಓಡಾಡುತ್ತಿದ್ದವು. ಅಂದರೆ ತನ್ನ ಮಂದಿಯೆಲ್ಲ ಹಾಜರ್. ಹಾಗಾದರೆ ಬುಟ್ಟಿಯಲ್ಲಿರುವುದು ಇನ್ನಾರದೋ! ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಚೀಲವನ್ನು ಒಂದು ದಿನವೂ ಮನೆಗೆ ಒಯ್ದವನಲ್ಲ ಅವನು. ಬುಟ್ಟಿ ಎತ್ತಿಕೊಂಡು ಬೀದಿ ಬೀದಿ ಅಲೆದ.

"ಯಾರದಾದ್ರೂ ಜೇನು ಕಳ್ದೋಗೈತಾ?"

ಒಂದು ಮನೆಯವರು ಬಾಗಿಲು ಹಾಕಿಕೊಂಡರು. ಇನ್ನೊಂದು ಮನೆಯ ಅಜ್ಜಿ ಗುರುತು ಏನು ಎಂದು ಕೇಳಿದಳು. ಮೂರನೆಯ ಬೀದಿಯಲ್ಲಿ, ತಾನೂ ಎರಡು ಪೆಟ್ಟಿಗೆ ಇಟ್ಟಿದ್ದ ತಿರುಮೂರ್ತಿ ಬಟ್ಟೆಯ ಅಂಚು ಸರಿಸಿ ಗಂಭೀರವಾಗಿ ಇಣುಕಿದ.

"ಆಮಾ, ನಮ್ಮವೇ. ಮುಖ ನೋಡಿದ್ರೆ ತಿಳಿಯಲ್ವಾ?"

ಮಾಯಣ್ಣ ಸುಮ್ಮನೆ ಕೊಡುವವನಲ್ಲ. 'ಈ ಜೇನು ನಮ್ಮದಲ್ಲ, ವಾರಸುದಾರರಿಗೆ ಒಪ್ಪಿಸಲಾಗಿದೆ' ಎಂದು ತಮಿಳಿನಲ್ಲಿ ಬರೆದು, ಇಬ್ಬರು ಸಾಕ್ಷಿ ಹಾಕಿಸಿ, ತಾನೂ ಸಹಿ ಮಾಡಿ ಕೊಟ್ಟ.

ಸುಬ್ಬಾತಾಳ್ ಬಂದವಳೇ ನಡುವಿನ ಪೆಟ್ಟಿಗೆ ತೆರೆದು ನೋಡಿದಳು. ತಮ್ಮ ಹೆಮ್ಮೆಯಿಂದ ಹೇಳಿದ ಕಥೆಯನ್ನು ಪೂರ್ತಿ ಕೇಳಿ ತಲೆಯ ಮೇಲೆ ಕೈಹೊತ್ತಳು.

"ಪಾವಿ! ಮನೆ ಇಕ್ಕಟ್ಟಾದ್ರೆ ಹಳೇ ರಾಣಿ ಅರ್ಧ ಮಂದಿನ ಕರ್ಕೊಂಡು ಹೊರಡ್ತಾಳೆ. ಮಿಕ್ಕ ಅರ್ಧ ಇಲ್ಲೇ ಇರ್ತದೆ. ಮೂರರಲ್ಲೂ ಹುಳ ಇದ್ದದ್ದು ನಿಜ. ಓಡಿದ್ದೂ ನಮ್ಮದೇ! ಎರಡು ವರ್ಷದಿಂದ ಸಾಕಿದ ರಾಣಿ ಕಣೋ ಅದು."

ಮಾಯಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಕ್ಕ ಸೆರಗು ಸಿಕ್ಕಿಸಿಕೊಂಡು ತಿರುಮೂರ್ತಿಯ ಮನೆಗೆ ದಾಪುಗಾಲು ಹಾಕಿದಳು. ತಮ್ಮ ಹಿಂದೆ ಹಿಂದೆ ಹೋದ. ತಿರುಮೂರ್ತಿ ಆ ಕಾಗದವನ್ನು ಹಿಡಿದೇ ಬಾಗಿಲಿಗೆ ಬಂದ. ಅಕ್ಕಪಕ್ಕದವರೂ ಸೇರಿದರು.

"ನಿಮ್ ತಮ್ಮನೇ ಬರ್ದು ಕೊಟ್ಟವ್ರೆ. 'ನಾನು ತಿಳೀದೆ ಬರ್ದೆ, ನಂಗೆ ಎಣಿಸೋಕೆ ಬರಲ್ಲ' ಅಂತ ಈ ನಾಲ್ಕು ಜನರ ಮುಂದೆ ಅವ್ರೇ ಹೇಳ್ಲಿ. ಈಗ್ಲೇ ತಕ್ಕೊಂಡು ಹೋಗಿ."

ಯಾರೋ ಕಿಸಕ್ಕನೆ ನಕ್ಕರು. ಮಾಯಣ್ಣ ಹೇಳಲೆಂದು ಬಾಯಿ ತೆರೆದ. ಅಕ್ಕ ಅವನ ಮುಖ ನೋಡಿದಳು.

"ಅವನ್ಯಾಕೆ ಹೇಳ್ಬೇಕು?" ಎಂದಳು. "ಬಸ್ಸು ತುಂಬಾ ಮಂದಿ ಎಣಿಸ್ದೋನು ನನ್ನ ತಮ್ಮ. ನಮ್ಮದಲ್ಲ ಅಂದ ಮೇಲೆ ನಮ್ಮದಲ್ಲ. ನಿಮ್ಮ ಹೊಸ ಹುಳ ಹೆಂಗವೆ ನೋಡೋಣ ಅಂತ ಬಂದೆ, ಅಷ್ಟೇ. ಚೆನ್ನಾಗಿ ನೋಡ್ಕೊಳ್ಳಿ."

ತಿರುಮೂರ್ತಿ ಕಾಗದ ಮಡಚಿಕೊಂಡ. ಜನ ಚದುರಿದರು.

ಮರಳುವ ದಾರಿಯಲ್ಲಿ ಮಾಯಣ್ಣ ಅಕ್ಕನ ಹಿಂದೆಯೇ ಹೆಜ್ಜೆ ಹಾಕಿದ. ಹತ್ತು ದಿನ ಆಸೆಪಟ್ಟ ಮಾತು ನಾಲ್ಕು ಜನರ ಮುಂದೆ ಸಿಕ್ಕಿತ್ತು, ಆದರೆ ಅದಕ್ಕಾಗಿ ಅಕ್ಕ ತನ್ನ ರಾಣಿಯನ್ನೇ ಬಿಟ್ಟುಕೊಟ್ಟಿದ್ದಳು.

"ಅಕ್ಕಾ, ನಿನ್ನ ರಾಣಿ..."

"ಬಾಯಿ ಮುಚ್ಕೊಂಡು ನಡಿ," ಎಂದಳು ಸುಬ್ಬಾತಾಳ್. "ರಾಣಿ ಇನ್ನೊಂದು ಹುಟ್ತಾಳೆ. ತಮ್ಮ ಇನ್ನೊಬ್ಬ ಹುಟ್ತಾನಾ? ನಿನ್ನೊಬ್ಬನಿಗೇ ಅಪ್ಪ ಅಮ್ಮ ಸುಸ್ತಾಗಿ ಹೋದ್ರು."