ಏರಿನಲ್ಲಿ ನಿಲ್ಲುವ ಕಾರು

ಡ್ರೈವಿಂಗ್ ಮೇಷ್ಟ್ರು ತಮ್ಮ ಬಿಳಿ ಕಾರನ್ನು ಗ್ಯಾರೇಜಿನ ಅಂಗಳಕ್ಕೆ ತಂದು ನಿಲ್ಲಿಸಿದಾಗ ಬೆಳಗಿನ ಒಂಬತ್ತು ಗಂಟೆ. ಇಪ್ಪತ್ತೆರಡು ವರ್ಷದಿಂದ ಊರಿನ ಅರ್ಧ ಜನಕ್ಕೆ ಕ್ಲಚ್ಚು, ಗೇರು ಹೇಳಿಕೊಟ್ಟ ಮನುಷ್ಯ. ಕಾರಿನ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳಿ ಅಭ್ಯಾಸವಿಲ್ಲ. ಇಳಿದವರೇ ಬಾನೆಟ್ಟಿನ ಮೇಲೆ ಕೈಯಿಟ್ಟು, ಪೆಟ್ರೋಲ್ ಪಂಪು ಮತ್ತೆ ಕೈಕೊಟ್ಟಿದೆ, ಹೊಸದು ಹಾಕಿಬಿಡಿ ಎಂದರು. ಎರಡು ತಿಂಗಳ ಹಿಂದಷ್ಟೇ ಬೇರೆ ಕಡೆ ಪಂಪು, ಫಿಲ್ಟರು ಎರಡನ್ನೂ ಬದಲಿಸಿದ್ದರಂತೆ. ಆದರೂ ಏರಿನಲ್ಲಿ ಕಾರು ಉಸಿರು ಕಟ್ಟಿದ ಹಾಗೆ ನಡುಗಿ ನಿಂತುಬಿಡುತ್ತದೆ. ಮೊನ್ನೆ ಲೈಸೆನ್ಸ್ ಪರೀಕ್ಷೆಯಲ್ಲೂ ನಿಂತು, ಇದನ್ನು ರಿಪೇರಿ ಮಾಡಿಸದೆ ಮತ್ತೆ ಇಲ್ಲಿಗೆ ತರಬೇಡಿ ಎಂದು ಪರೀಕ್ಷಕರು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದರು.

ಗ್ಯಾರೇಜು ನಡೆಸುತ್ತಿದ್ದವಳು ಅದರ ಮಾಲೀಕರ ಸೊಸೆ. ಗಂಡನಿಗೆ ಗ್ರೀಸಿನ ವಾಸನೆಯೇ ಆಗದು. ಅವನು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಒರೆಸಿಕೊಂಡು ತಣ್ಣಗಿದ್ದ. ಮದುವೆಯಾದ ಹೊಸತರಲ್ಲಿ ಮಾವನಿಗೆ ಸ್ಪ್ಯಾನರ್ ಎತ್ತಿಕೊಡಲು ನಿಂತವಳು ಹದಿನೈದು ವರ್ಷದಲ್ಲಿ ಮಾವನ ಮಂಡಿನೋವಿನ ಜೊತೆಗೆ ಗ್ಯಾರೇಜನ್ನೂ ವಹಿಸಿಕೊಂಡಿದ್ದಳು. ಮಾವ ಈಗ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬಂದ ಕಾರಿಗೆಲ್ಲ ಕಿವಿಗೊಡುತ್ತಿದ್ದರು. ಇವತ್ತೂ ಕಣ್ಣು ಮುಚ್ಚಿ ಆಲಿಸಿ, ಪಂಪೇ ಎಂದು ತೀರ್ಪು ಕೊಟ್ಟರು. ಮೇಷ್ಟ್ರು ಗೆದ್ದವರಂತೆ ಸೊಸೆಯ ಮುಖ ನೋಡಿದರು.

"ನಿಮ್ಮ ಕಿವಿ ಹೇಳಿದ್ದನ್ನ ಗೇಜೂ ಹೇಳ್ಲಿ ಮಾವ, ಆಮೇಲೆ ಬಿಚ್ಚೋಣ," ಎಂದಳು ಅವಳು.

ಎಂಜಿನ್ನಿಗೆ ಪೆಟ್ರೋಲ್ ಹಂಚುವ ಕೊಳವೆಗೆ ಒತ್ತಡ ಅಳೆಯುವ ಗೇಜು ಸಿಕ್ಕಿಸಿ, ಅದರ ಉದ್ದನೆಯ ಪೈಪನ್ನು ಬಾನೆಟ್ಟಿನ ಸಂದಿಯಿಂದ ಹೊರಗೆಳೆದು, ಮುಳ್ಳಿರುವ ಡಬ್ಬಿಯನ್ನು ಮುಂದಿನ ಗಾಜಿನ ಮೇಲೆ ಟೇಪು ಹಾಕಿ ಅಂಟಿಸಿದಳು. ಆ ಕಾರಿಗೆ ಮೂರೂವರೆ ಬಾರ್ ಒತ್ತಡ ಇರಬೇಕು. ಎಂಜಿನ್ ಚಾಲೂ ಆದಾಗ ಮುಳ್ಳು ಮೂರೂವರೆಗೆ ಒಂದು ಕೂದಲೆಳೆ ಕೆಳಗೆ ನಿಂತಿತು. ಮೇಷ್ಟ್ರು ಆಕ್ಸಿಲರೇಟರ್ ಒತ್ತಿದರು, ಮುಳ್ಳು ಅಲುಗಲಿಲ್ಲ. ಎಂಜಿನ್ ಆರಿಸಿ ಕಾಲು ಗಂಟೆ ಕಾದಳು. ಒತ್ತಡ ಹಾಗೇ ಉಳಿದಿತ್ತು. ಅಂದರೆ ಎಲ್ಲೂ ಸೋರಿಕೆಯಿಲ್ಲ. ಪೈಪು ಬಿಚ್ಚಿ ಅಳತೆಯ ಸೀಸೆಗೆ ಪೆಟ್ರೋಲ್ ಬಿಟ್ಟು ನೋಡಿದಳು. ಅರ್ಧ ನಿಮಿಷದಲ್ಲಿ ಬರಬೇಕಾದಷ್ಟು ಬಂತು; ಪೈಪನ್ನು ಮತ್ತೆ ಸಿಕ್ಕಿಸಿದಳು. ಫಿಲ್ಟರೂ ಕಟ್ಟಿಲ್ಲ, ಪಂಪೂ ಸೊರಗಿಲ್ಲ. ಮಾವ ಕುರ್ಚಿಯಲ್ಲಿ ಒಮ್ಮೆ ಕೆಮ್ಮಿ, ಪತ್ರಿಕೆ ಬಿಡಿಸಿದರು.

ಮೇಷ್ಟ್ರಿಗೆ ತಾಳ್ಮೆ ತಪ್ಪತೊಡಗಿತು. ಅಂಗಳದಿಂದ ರಸ್ತೆಗೆ ಹತ್ತುವ ಕಡಿದಾದ ಇಳಿಜಾರಿನಲ್ಲಿ ತಾವೇ ಮೂರು ಸಲ ಕಾರು ನಿಲ್ಲಿಸಿ ಹತ್ತಿಸಿ ತೋರಿಸಿದರು. ಮೂರು ಸಲವೂ ಅದು ಸದ್ದಿಲ್ಲದೆ ಹತ್ತಿತು. ಆಗ ಅವಳು ಒಂದೇ ಪ್ರಶ್ನೆ ಕೇಳಿದಳು: ನಿಂತಾಗೆಲ್ಲ ಓಡಿಸುತ್ತಿದ್ದವರು ಯಾರು?

ಹೆಚ್ಚಾಗಿ ಒಬ್ಬರೇ ಎಂದರು ಮೇಷ್ಟ್ರು. ಬಟ್ಟೆ ಹೊಲಿಯುವ ಹೆಂಗಸು, ಐವತ್ತು ದಾಟಿದವರು. ಆಸ್ಪತ್ರೆಗೆ ಪರದೆ, ಹೊದಿಕೆ ಹೊಲಿದು ಕೊಡುತ್ತಾರೆ; ತಾವೇ ವ್ಯಾನ್ ಓಡಿಸಿಕೊಂಡು ಹೋಗಿ ಮುಟ್ಟಿಸಬೇಕೆಂಬ ಆಸೆ. ಮೂರು ಸಲ ಪರೀಕ್ಷೆ, ಮೂರು ಸಲವೂ ಏರಿನಲ್ಲೇ ನಪಾಸು. ಮೊನ್ನೆ ಮೇಷ್ಟ್ರು ಎಲ್ಲರೆದುರು, ನಿಮಗೆ ಹೊಲಿಗೆ ಮಷೀನಿನ ಪೆಡಲ್ಲೇ ಸರಿ ಎಂದುಬಿಟ್ಟಿದ್ದರು. ಆಕೆ ಮನೆಗೆ ಹೋಗಿ, ಇನ್ನು ಕಲಿಯಲು ಬರುವುದಿಲ್ಲವೆಂದು ಹೇಳಿ ಕಳಿಸಿದ್ದರು.

"ಅವರ ಕಾಲಲ್ಲೇ ದೋಷ ಇರೋದು," ಎಂದರು ಮೇಷ್ಟ್ರು.

"ಹಾಗಾದ್ರೆ ಆ ಕಾಲನ್ನೂ ನೋಡ್ಬೇಕಲ್ಲ. ಕರೀರಿ."

ಮೇಷ್ಟ್ರು ಕರೆಯಲು ಒಪ್ಪಲಿಲ್ಲ. ಅವಳೇ ನಂಬರ್ ತೆಗೆದುಕೊಂಡು ಫೋನ್ ಮಾಡಿ, ಕಾರಿನ ಕಾಯಿಲೆ ಹಿಡಿಯಲು ನಿಮ್ಮಿಂದ ಅರ್ಧ ಗಂಟೆ ಬೇಕಾಗಿದೆ ಎಂದಳು. ಆಕೆ ಕೊರಳಲ್ಲಿ ಅಳತೆಯ ಟೇಪು ತೂಗಿಸಿಕೊಂಡೇ ಬಂದರು. ಮೇಷ್ಟ್ರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನಾನೇನು ಮಾಡಬೇಕು ಎಂದು ಸೊಸೆಯನ್ನು ಕೇಳಿದರು. ಪರೀಕ್ಷೆಯ ದಿನ ಏನೇನು ಮಾಡಿದಿರೋ ಅಷ್ಟೇ ಮಾಡಿ, ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದಳು ಇವಳು, ಮತ್ತು ಪಕ್ಕದ ಸೀಟಿನಲ್ಲಿ ಕೂತಳು.

ಆಕೆ ಸೀಟು ಮುಂದೆ ಎಳೆದುಕೊಂಡರು. ಕನ್ನಡಿ ಸರಿಮಾಡಿ, ಬೆಲ್ಟು ಹಾಕಿಕೊಂಡು, ಎಂಜಿನ್ ಚಾಲೂ ಮಾಡಿದರು. ಮುಳ್ಳು ಮೂರೂವರೆಯ ಹತ್ತಿರ. ದೀಪ ಹಾಕಿದರು, ಮುಳ್ಳು ಒಂದು ಗೆರೆ ಕೆಳಗಿಳಿಯಿತು. ಹಿಂದಿನ ಗಾಜಿನ ಮಂಜು ಕರಗಿಸುವ ಸ್ವಿಚ್ಚು ಒತ್ತಿದರು. ಮುಳ್ಳು ಮೂರಕ್ಕೆ ಬಂತು. ಬ್ರೇಕಿನ ಮೇಲೆ ಕಾಲಿಟ್ಟು, ಬಲಕ್ಕೆ ಇಂಡಿಕೇಟರ್ ಹಾಕಿದರು. ಆ ದೀಪ ಮಿನುಗಿದಾಗಲೆಲ್ಲ ಮುಳ್ಳೂ ಬಾಗಿ ಬಾಗಿ ಏಳತೊಡಗಿತು, ಎರಡರ ಆಸುಪಾಸಿನಲ್ಲಿ. ಕ್ಲಚ್ಚು ಬಿಡುತ್ತಿದ್ದಂತೆ ಕಾರು ಇಳಿಜಾರಿನ ಬುಡದಲ್ಲೇ ಮೈ ನಡುಗಿಸಿ ನಿಂತಿತು. ಆಕೆ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ತಲೆ ತಗ್ಗಿಸಿದರು.

ಸೊಸೆ ಮಾತ್ರ ನಗುತ್ತಿದ್ದಳು. ದೀಪ, ಗಾಜಿನ ಸ್ವಿಚ್ಚು ಎಲ್ಲ ಯಾಕೆ ಹಾಕಿದಿರಿ ಎಂದು ಕೇಳಿದಳು. ಆಕೆ ಗಾಬರಿಯಿಂದ, ಮೇಷ್ಟ್ರು ಕೊಟ್ಟ ಪುಸ್ತಕದಲ್ಲಿ ಹಾಗೇ ಇದೆಯಲ್ಲ, ಪರೀಕ್ಷೆ ಬೆಳಗಿನ ಮಂಜಿನಲ್ಲೇ ನಡೆಯುವುದು ಎಂದರು. ಮೇಷ್ಟ್ರು ಬಾಗಿಲ ಬಳಿ ನಿಂತು ಎಲ್ಲ ನೋಡುತ್ತಿದ್ದರು. ಪುಸ್ತಕ ಬರೆದವರು ಅವರೇ. ಅದರಲ್ಲಿ ಹೇಳಿದಂತೆ ಒಂದು ದಿನವೂ ಓಡಿಸದವರೂ ಅವರೇ.

ಮುಂದಿನ ಕೆಲಸ ಸಲೀಸಾಯಿತು. ಹಿಂದಿನ ದೀಪಗಳು, ಗಾಜಿನ ಮಂಜು ಕರಗಿಸುವ ತಂತಿ, ಪೆಟ್ರೋಲ್ ಪಂಪು, ಇವೆಲ್ಲಕ್ಕೂ ಹೋದ ಕರೆಂಟು ಒಂದೇ ಬೋಲ್ಟಿನ ಮೂಲಕ ಕಾರಿನ ಮೈಗೆ ಇಳಿದು ಬ್ಯಾಟರಿಗೆ ಮರಳಬೇಕು. ಆ ಬೋಲ್ಟಿಗೂ ಬ್ಯಾಟರಿಗೂ ನಡುವೆ ಅವಳು ಮೀಟರ್ ಇಟ್ಟಳು. ಸೊನ್ನೆಯ ಹತ್ತಿರ ಇರಬೇಕಾದ ಅಂಕಿ, ದೀಪಗಳನ್ನೆಲ್ಲ ಹಾಕಿದಾಗ ನಾಲ್ಕು ವೋಲ್ಟಿಗೆ ಏರಿತು. ಅಷ್ಟೂ ಪಂಪಿನ ಪಾಲಿನಿಂದ ಕಡಿತವಾಗುತ್ತಿತ್ತು. ಡಿಕ್ಕಿಯ ನೆಲಹಾಸು ಎತ್ತಿ ನೋಡಿದರೆ, ಹಿಂದಿನ ದೀಪದ ರಬ್ಬರು ಹರಿದು ಹನಿಹನಿಯಾಗಿ ಇಳಿದ ನೀರಿನಿಂದ ಬೋಲ್ಟಿನ ಸುತ್ತ ಹಸಿರು ಕಿಲುಬು ಹಿಡಿದಿತ್ತು. ಬೆರಳು ತಾಗಿಸಿದ್ದೇ ಪುಡಿ ಉದುರಿತು. ಮಾವ ಮಂಡಿ ಹಿಡಿದುಕೊಂಡೇ ಎದ್ದು ಬಂದು, ಬಗ್ಗಿ ನೋಡಿ, ಬೋಲ್ಟಿನತ್ತ ಬೆರಳು ತೋರಿದರು.

"ನನ್ನ ಕಿವಿ ಕೇಳಿದ್ದು ಸರಿನೇ ಕಣಮ್ಮ. ಪಂಪೇ ಅಳ್ತಿದ್ದಿದ್ದು. ಹೊಡೀತಿದ್ದೋನು ಮಾತ್ರ ಇವನು."

ಅವಳು ಬೋಲ್ಟು ಬಿಚ್ಚಿ, ಲೋಹ ಹೊಳೆಯುವವರೆಗೆ ಮರಳುಕಾಗದದಲ್ಲಿ ಉಜ್ಜಿ, ತಂತಿಗಳ ತುದಿಗೆ ಬೋಲ್ಟಿಗೆ ಸಿಕ್ಕಿಸುವ ಹೊಸ ಲೋಹದ ಬಳೆ ಹಾಕಿ, ಬಿಗಿದು, ಮೇಲೆ ಗ್ರೀಸು ಹಚ್ಚಿದಳು. ದೀಪಕ್ಕೆ ಹೊಸ ರಬ್ಬರು ಕೂರಿಸಿದಳು. ಮತ್ತೆ ಆಕೆಯನ್ನೇ ಸೀಟಿನಲ್ಲಿ ಕೂರಿಸಿ, ಎಲ್ಲ ಸ್ವಿಚ್ಚುಗಳನ್ನೂ ಹಾಕಿಸಿದಳು. ಮುಳ್ಳು ನೆಟ್ಟಗೆ ನಿಂತಿತು. ಆಕೆ ಕ್ಲಚ್ಚು ಬಿಟ್ಟರು. ಕಾರು ಒಂದಂಗುಲವೂ ಹಿಂದೆ ಜಾರದೆ ಇಳಿಜಾರು ಹತ್ತಿ ರಸ್ತೆಯ ಅಂಚಿಗೆ ಹೋಗಿ ನಿಂತಿತು. ಹಿಂದಕ್ಕೆ ಬಂದು ಇನ್ನೊಮ್ಮೆ ಹತ್ತಿಸಿದರು. ಮೂರನೆಯ ಸಲ ಯಾರೂ ಹೇಳದೆಯೇ ಹತ್ತಿಸಿದರು.

ಇಳಿದು ಬಂದಾಗ ಆಕೆಯ ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು.

"ಮೇಷ್ಟ್ರೇ, ಮೂರು ಪರೀಕ್ಷೆಲೂ ನಾನು ನನ್ನ ಕಾಲನ್ನೇ ಬೈಕೊಂಡೆ."

ಏನೋ ಸಮಜಾಯಿಷಿ ಹುಡುಕುತ್ತಿದ್ದ ಮೇಷ್ಟ್ರು ಅದನ್ನು ಅಲ್ಲಿಗೇ ಬಿಟ್ಟು, "ತಪ್ಪು ನಂದು. ನಾನು ಹೇಳ್ಕೊಟ್ಟಿದ್ದನ್ನ ಚಾಚೂ ತಪ್ಪದೆ ಮಾಡ್ದೋರು ನೀವೊಬ್ರೇ. ಎಲ್ಲರೆದುರು ಅಂದಿದ್ದೆ, ಎಲ್ಲರೆದುರೇ ವಾಪಸ್ ತಗೋತೀನಿ," ಎಂದರು.

ಮರುದಿನ ಬೆಳಗಿನ ತರಗತಿಯಲ್ಲಿ ಹಾಗೇ ಮಾಡಿದರು. ಹತ್ತು ದಿನಕ್ಕೆ ಆಕೆ ಪರೀಕ್ಷೆ ಪಾಸಾದರು. ಏರಿನಲ್ಲಿ ಪರೀಕ್ಷಕರು ಇನ್ನೊಮ್ಮೆ ನಿಲ್ಲಿಸಿ ಹತ್ತಿಸಿ ಎಂದಾಗ, ಬೇಕಾದರೆ ಎರಡು ಸಲ ಹತ್ತಿಸುತ್ತೇನೆ ಎಂದರಂತೆ. ಆ ವಾರವೇ ಆಕೆ ಹಳೆಯದೊಂದು ವ್ಯಾನನ್ನು ಗೊತ್ತುಮಾಡಿಕೊಂಡು ನೇರ ಗ್ಯಾರೇಜಿಗೆ ಓಡಿಸಿಕೊಂಡು ಬಂದರು. ಕೊಳ್ಳುವ ಮೊದಲು ಅದರ ಪೆಟ್ರೋಲ್ ಒತ್ತಡ ನೋಡಿಕೊಡಬೇಕೆಂದರು. ಸೊಸೆ ಕೈ ಒರೆಸಿಕೊಂಡು ಬಾನೆಟ್ಟು ಎತ್ತಿದಳು. ಮಾವ ಕುರ್ಚಿಯಲ್ಲೇ ಕಣ್ಣು ಮುಚ್ಚಿ ಕಿವಿಗೊಟ್ಟರು.