ಗುಳ್ಳೆ ನಿಲ್ಲುವವರೆಗೆ

"ಒತ್ತಿ ಅತ್ತೆ."

"ಒತ್ತಿದೆ."

"ಹಾಗೇ ಹಿಡ್ಕೊಂಡಿರಿ. ನಾನು ಹೇಳೋವರೆಗೂ ಕಾಲು ತೆಗೀಬೇಡಿ."

ಕಾರಿನ ಚಾಲಕನ ಬದಿಯ ಮುಂಚಕ್ರ ಕಳಚಿದ್ದ ಜಾಗದಲ್ಲಿ ಗೋಣಿತಟ್ಟಿನ ಮೇಲೆ ಕುಳಿತ ಸೊಸೆ, ಸ್ಪ್ಯಾನರಿನಿಂದ ಬ್ರೇಕಿನ ಗಾಳಿ ಹೊರಬಿಡುವ ನಿಪ್ಪಲನ್ನು ತುಸು ಸಡಿಲಿಸಿದಳು. ಅದಕ್ಕೆ ಸಿಕ್ಕಿಸಿದ್ದ ಪಾರದರ್ಶಕ ಕೊಳವೆಯೊಳಗೆ ಕಂದುಬಣ್ಣದ ಬ್ರೇಕ್ ಎಣ್ಣೆ ಗುಳ್ಳೆಗಳೊಡನೆ ಇಳಿದು ಬಾಟಲಿಯ ಕಡೆಗೆ ಸಾಗಿತು. ಹೊಸ ಬ್ರೇಕ್ ಪ್ಯಾಡುಗಳನ್ನು ಕೂರಿಸುವ ಅವಸರದಲ್ಲಿ ಇದೇ ನಿಪ್ಪಲನ್ನು ತೆರೆದಿಟ್ಟು ಒಳಗೆ ಗಾಳಿ ತುಂಬಿಸಿಕೊಂಡವಳು ಅವಳೇ. ಅದರಿಂದ ಬ್ರೇಕ್ ಪೆಡಲು ದಿಂಬಿನಂತೆ ಮೆತ್ತಗಾಗಿತ್ತು. ಅವಳು ದಿನವೂ ಶಾಲೆಗೆ ಬಿಡುವ ಮಕ್ಕಳನ್ನು ಬೆಳಿಗ್ಗೆ ಬೇರೊಬ್ಬ ಚಾಲಕ ಕರೆದೊಯ್ದಿದ್ದ. ಸಂಜೆಯೂ ಅವನೇ ಹೋದರೆ, ನಾಳೆಯಿಂದ ಆ ಮಕ್ಕಳು ಅವನ ಗಾಡಿಗೇ ಸೇರುವುದು ಖಂಡಿತ.

"ಎಲ್ಲಿ, ಗಾಳಿ ಕಣ್ಣಿಗೆ ಕಾಣ್ಸತ್ತಾ?" ಎನ್ನುತ್ತ ಚಾಲಕನ ಸೀಟಿನಲ್ಲಿದ್ದ ಅತ್ತೆ ಬಾಗಿಲಿನಿಂದ ಹೊರಗೆ ಬಾಗಿದರು. ಕೊಳವೆಯ ಗುಳ್ಳೆಗಳು ಸರ್ರನೆ ಹಿಂದಕ್ಕೇರಿ ಒಳಗೆ ಮರೆಯಾದವು.

"ಅತ್ತೆ! ಕಾಲು!"

"ಒಂದು ಚೂರು ಎತ್ತಿದ್ದು ಕಣೆ."

"ಆ ಚೂರಿಗೇ ಮಾಡಿದ್ದೆಲ್ಲ ನೀರುಪಾಲಾಯ್ತು. ಇದು ಮೂರನೇ ಸಲ."

"ನೋಡ್ದೆ ಹೇಗೆ ನಂಬ್ಲಿ? ಎಣ್ಣೆ ಹೋಗಿ ಚಕ್ರ ನಿಲ್ಸತ್ತೆ ಅಂತೀಯ. ಜನ್ಮವೆಲ್ಲ ಜಾರಿಸಿದ ಎಣ್ಣೆ ಹಿಡಿಯೋದನ್ನ ಯಾವಾಗ ಕಲೀತು?"

ಸೊಸೆಗೆ ಸಿಟ್ಟಿನ ಜೊತೆ ನಗುವೂ ಬಂತು. ಎದ್ದು ಸ್ಪ್ಯಾನರನ್ನು ಅತ್ತೆಯ ಕೈಗಿತ್ತಳು. "ನೀವೇ ಇಲ್ಲಿ ಕೂತ್ಕೊಳ್ಳಿ. ನಾನು ಒತ್ತೀನಿ."

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಗೋಣಿತಟ್ಟಿನ ಮೇಲೆ ಕುಳಿತರು. ಈಗ ಅಪ್ಪಣೆ ಅವರದು.

"ಒತ್ತು! ಹಾಂ, ಬಂತು ಬಂತು, ಮಣಿಸರದ ಹಾಗೆ ಬಂತು! ಸರಿ, ಬಿಡು."

"ಮೊದಲು ನಿಪ್ಪಲ್ ಮುಚ್ಚಿದ್ರಾ?"

"ಮುಚ್ಚಿಯೇ ಹೇಳ್ದೆ. ತೆರೆದಿಟ್ಟು ಮರೆಯೋಕೆ ನಾನೇನು ನೀನಾ?"

ಸೊಸೆ ತುಟಿ ಕಚ್ಚಿಕೊಂಡು ಮತ್ತೆ ಒತ್ತಿದಳು. ಆಗಾಗ ಎದ್ದು, ಬಾನೆಟ್ಟಿನ ಕೆಳಗಿನ ಬ್ರೇಕ್ ಎಣ್ಣೆಯ ಡಬ್ಬಿಗೆ ಹೊಸ ಎಣ್ಣೆ ಸುರಿದಳು. ಕ್ರಮೇಣ ಕೊಳವೆಯೊಳಗಿನ ಎಣ್ಣೆಯ ಬಣ್ಣ ತಿಳಿಯಾಯಿತು. ಪಾದದಡಿಯ ಪೆಡಲು ಗಟ್ಟಿಯಾಗತೊಡಗಿತು. ಶಾಲೆ ಬಿಡುವ ಹೊತ್ತು ಸಮೀಪಿಸುತ್ತಿತ್ತು.

"ಸಾಕು ಅತ್ತೆ, ಗಟ್ಟಿಯಾಯ್ತು."

"ಸುಮ್ನಿರು. ಸಾಸಿವೆಯಷ್ಟು ಒಂದು ಗುಳ್ಳೆ ಬಂತು ಈಗ."

"ಅಷ್ಟಕ್ಕೇನೂ ಆಗಲ್ಲ. ಹೊತ್ತಾಗತ್ತೆ."

"ಮಕ್ಕಳು ಕೂರೋ ಗಾಡಿ. ಒತ್ತು ಅಂದ್ರೆ ಒತ್ತು."

ಸೊಸೆ ಒತ್ತಿದಳು. ಒಂದು ಗುಳ್ಳೆಯೂ ಇಲ್ಲದೆ ಮತ್ತೆ ಮತ್ತೆ ಬರಿಯ ಎಣ್ಣೆ ಇಳಿಯುವವರೆಗೂ ಅತ್ತೆ ಬಿಡಲಿಲ್ಲ.

ಚಕ್ರ ಕೂರಿಸಿ ಬೋಲ್ಟುಗಳನ್ನು ಬಿಗಿದ ಮೇಲೆ ಸೊಸೆ ಕೀಲಿ ತೆಗೆದುಕೊಂಡಳು. "ಇಳಿಜಾರಿನವರೆಗೂ ಹೋಗಿ ಪರೀಕ್ಷೆ ಮಾಡ್ತೀನಿ. ನೀವು ಇಲ್ಲೇ ಇರಿ."

"ಗುಳ್ಳೆ ನೋಡ್ದೋಳು ನಾನು, ನಿಲ್ಲೋದನ್ನ ನೋಡೋಳು ನೀನೊಬ್ಬಳೇನಾ?" ಎನ್ನುತ್ತ ಅತ್ತೆ ಆಗಲೇ ಪಕ್ಕದ ಸೀಟಿನಲ್ಲಿ ಕುಳಿತಾಗಿತ್ತು.

ಬೀದಿಯ ಕೊನೆಯ ಇಳಿಜಾರಿನಲ್ಲಿ ಕಾರು ನಡಿಗೆಯ ವೇಗದಲ್ಲಿ ಉರುಳತೊಡಗಿತು. ಸೊಸೆಯ ಪಾದ ಪೆಡಲಿನ ಮೇಲಿಳಿಯಿತು. ಅರ್ಧ ದಾರಿಯಲ್ಲೇ ಕಾರು ಚೂರೂ ಜಾರದೆ ನಿಂತಿತು.

ಅವಳು ಉಸಿರು ಬಿಟ್ಟು ಪಕ್ಕಕ್ಕೆ ತಿರುಗಿದಳು. ಪೆಡಲಿಲ್ಲದ ಆ ಬದಿಯ ರಬ್ಬರ್ ಹಾಸಿನ ಮೇಲೆ, ಕಾಲ್ಬೆರಳುಗಳು ಬೆಳ್ಳಗಾಗುವಷ್ಟು ಬಲವಾಗಿ, ಅತ್ತೆಯ ಬಲಗಾಲು ಊರಿಕೊಂಡಿತ್ತು.