ಸರಸಂಬಾದ ಭೀಮನಕೊಳ್ಳ

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಸರಸಂಬಾದವರಿಗೆ ಆ ಭಾಗ್ಯವೂ ಇಲ್ಲ, ಅವರಿಗೆ ದೂರದ ಬೆಟ್ಟವೇ ಕಾಣುವುದಿಲ್ಲ. ಎತ್ತ ನೋಡಿದರೂ ಎರೆಹೊಲ, ತೊಗರಿ ಕೊಯ್ದ ಕೂಳೆ, ಆಚೆ ಮುಗಿಲು. ಇಂಥ ಊರಿನಲ್ಲಿ ಹುಟ್ಟಿಯೂ ಗುಡ್ಡ ಹತ್ತುವ ಹುಚ್ಚು ಹಿಡಿಸಿಕೊಂಡವನು ನಮ್ಮ ಶಾಂತಲಿಂಗಪ್ಪ.

ಪ್ರತಿ ವರ್ಷ ಹೋಳಿ ಹುಣ್ಣಿಮೆ ಮುಗಿದ ಕೂಡಲೇ ಊರಿನ ಜನ ಶ್ರೀಶೈಲಕ್ಕೆ ನಡೆದು ಹೊರಡುತ್ತಾರೆ. ಯುಗಾದಿಗೆ ಮಲ್ಲಯ್ಯನ ಮುಂದೆ ನಿಲ್ಲಬೇಕು. ಬಯಲು ನಡೆಯುವುದು ಎರೆಮಣ್ಣಿನ ಕಾಲುಗಳಿಗೆ ದೊಡ್ಡ ಮಾತಲ್ಲ. ಬಯಲು ಮುಗಿದ ಮೇಲೆ ನಲ್ಲಮಲೆಯ ಗುಡ್ಡಗಳು ಒಂದರ ಬೆನ್ನಿಗೆ ಒಂದು ಎದ್ದು ನಿಲ್ಲುತ್ತವಲ್ಲ, ಪರೀಕ್ಷೆ ಅಲ್ಲಿ. ಗುಂಪಿನ ಮುಂದೆ ನವಿಲುಗರಿ, ಗೆಜ್ಜೆ, ಹಿತ್ತಾಳೆ ನಂದಿ ಕಟ್ಟಿದ ಬಿದಿರಿನ ಕಂಬಿ ಹೋಗುತ್ತದೆ. ಅದನ್ನು ಹೊರುವ ಹೆಗಲು ಶಾಂತಲಿಂಗಪ್ಪನದು. ಇನ್ನೊಂದು ಹೆಗಲಿಗೆ ಒಂದು ಚೀಲ, ಅದರಲ್ಲಿ ಹಸಿರು ಸೀರೆ, ಕುಪ್ಪಸ, ಬಳೆ. ಈ ಸೀಮೆಯವರಿಗೆ ಗುಡ್ಡದ ಮೇಲಿನ ಭ್ರಮರಾಂಬೆ ಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ತವರಿನ ಸೀರೆ ಮುಟ್ಟದಿದ್ದರೆ ಮಗಳು ಏನೆಂದುಕೊಂಡಾಳು? ಶಾಂತಲಿಂಗಪ್ಪನಿಗೆ ಗಂಡುಮಕ್ಕಳಷ್ಟೇ ಹುಟ್ಟಿದ್ದರು. ಹೀಗಾಗಿ ಗಂಡಹೆಂಡಿರಿಗೆ ಇದು ಬರೀ ಬಾಯಿಮಾತಾಗಿರಲಿಲ್ಲ. ಹೆಂಡತಿ ಗುರುಶಾಂತಮ್ಮ ಆಳಂದದ ಅಂಗಡಿಯಲ್ಲಿ ಕೂತು ಹತ್ತು ಸೀರೆ ಬಿಚ್ಚಿಸಿ ಒಂದನ್ನು ಆರಿಸುವಳು, ಅವನು ಒಯ್ದು ಕೊಟ್ಟು ಬರುವನು. ಬಂದ ಮೇಲೆ ಮಳೆಗಾಲ ಬರುವವರೆಗೂ ಗುಡ್ಡದ ಕತೆ. ನಾಗಲೂಟಿಯಲ್ಲಿ ಹೀಗೆ ಹತ್ತಿದೆ, ಭೀಮನಕೊಳ್ಳದಲ್ಲಿ ಹಾಗೆ ಇಳಿದೆ. ಅವಳು ರೊಟ್ಟಿ ಬಡಿಯುತ್ತ ಹೂಂ ಅನ್ನುವಳು.

ಎಂಬತ್ತಮೂರರ ಯುಗಾದಿಯ ಕತೆಯಲ್ಲಿ ಮಾತ್ರ ಒಂದು ಸಂಗತಿ ಬಿಟ್ಟುಹೋಗಿತ್ತು. ಅದನ್ನು ಅವನ ಜೊತೆ ನಡೆಯುವ ಮಾಳಿಂಗಪ್ಪ ಬಾಯ್ತಪ್ಪಿ ಹೇಳಿಬಿಟ್ಟ: "ವೈನಿ, ಭೀಮನಕೊಳ್ಳ ಹತ್ತೂ ಮುಂದ ಅಣ್ಣನ ಮೊಣಕಾಲು ಹಿಡಕೊಂಡ್ವು. ಇಬ್ಬರು ಎತ್ತಿಕೊಂಡು ಮ್ಯಾಲ ಒಯ್ದೇವಿ."

ಮುಂದಿನ ಸಂಕ್ರಾಂತಿ ಬಂತು. ಶಾಂತಲಿಂಗಪ್ಪ ಅಟ್ಟದಿಂದ ಕಂಬಿ ಇಳಿಸಿ ಒರೆಸತೊಡಗಿದ್ದೇ ತಡ, ಗುರುಶಾಂತಮ್ಮ ಎದುರು ಬಂದು ನಿಂತಳು.

"ಈ ವರ್ಷ ಹೋಗೂದು ಬ್ಯಾಡ್ರಿ."

"ಮಗಳ ಮನಿಗಿ ಹೋಗಬ್ಯಾಡ ಅಂತೀಯಲ್ಲ ಬೇ! ನನಗೇನಾಗ್ಯಾದ?"

"ಏನಾಗ್ಯಾದೋ ಆ ಮೊಣಕಾಲಿಗಿ ಕೇಳ್ರಿ."

ದಿನವಿಡೀ ಜಗಳ ನಡೆಯಿತು. ಸಂಜೆಗೆ ಅವಳೇ ಒಂದು ಕರಾರು ಹಾಕಿದಳು. ಊರಿನ ಹುಡೇವು ಹತ್ತಿ ಇಳಿದು, ಹೊಲ ದಾಟಿ, ಮೆಟ್ಟಿಲಬಾವಿಗೆ ಇಳಿದು ಮೇಲೆ ಬರಬೇಕು. ನಡುವೆ ಎಲ್ಲೂ ಕೂರಬಾರದು. ಶಿವರಾತ್ರಿಯ ಮರುದಿನ ಪರೀಕ್ಷೆ. ಗೆದ್ದರೆ ಹೋಗಬಹುದು, ಸೋತರೆ ಕಂಬಿ ಮಾಳಿಂಗಪ್ಪನಿಗೆ.

ಹುಡೇವು ಅಂದರೆ ಹಿಂದೆ ದಂಡಿನವರು ಬಂದರೆ ನೋಡಲೆಂದು ಊರವರು ಕಟ್ಟಿಕೊಂಡಿದ್ದ ಎತ್ತರದ ಬುರುಜು. ಈಗ ಅದರ ಮೇಲೆ ಪಾರಿವಾಳ ಬಿಟ್ಟರೆ ಯಾರೂ ಹೋಗುವುದಿಲ್ಲ. ಶಾಂತಲಿಂಗಪ್ಪ ಮರುದಿನವೇ ಅಭ್ಯಾಸ ಶುರುಮಾಡಿ ಅದಕ್ಕೆ ನಾಗಲೂಟಿ ಎಂದು ಹೆಸರಿಟ್ಟ. ಮೆಟ್ಟಿಲಬಾವಿ ಭೀಮನಕೊಳ್ಳವಾಯಿತು. ಭೀಮನಕೊಳ್ಳವೂ ಹಾಗೇ, ಮೊದಲು ಕಾಲು ನಡುಗುವಷ್ಟು ಇಳಿಸಿ ಆಮೇಲೆ ಉಸಿರು ಹೋಗುವಷ್ಟು ಹತ್ತಿಸುತ್ತದೆ. ನಡುವಿನ ಹೊಲ ನಲ್ಲಮಲೆಯ ಅಡವಿ.

ಹುಡೇವಿನ ಬುಡದಲ್ಲಿ ಸೈಕಲ್ ಅಂಗಡಿ ಇಟ್ಟ ಗೆಳೆಯ ಶರಫುದ್ದೀನ ಪಂಕ್ಚರ್ ತಿದ್ದುವುದು ಬಿಟ್ಟು ನಕ್ಕ. "ಅರೆ ಗೌಡ್ರ, ಪಹಾಡ ಇಲ್ಲದ ಊರಾಗ ಪಹಾಡ ಹತ್ತಾಕತ್ತೀರಲ್ಲ! ಮ್ಯಾಲ ಹೋಗಿ ಶ್ರೀಶೈಲ ಕಾಣಸ್ತಾದೇನು ನೋಡ್ರಿ."

"ಕಾಣಸ್ತಾದ ತಗೋ. ಕಣ್ಣಿದ್ದವರಿಗಿ ಕಾಣಸ್ತಾದ," ಅಂದ ಶಾಂತಲಿಂಗಪ್ಪ, ಗೋಡೆ ಹಿಡಿದು ಏದುಸಿರು ಬಿಡುತ್ತ.

ಗುರುಶಾಂತಮ್ಮನಿಗೆ ಗಂಡನ ಮೇಲೆ ಪ್ರೀತಿ ಬೆಟ್ಟದಷ್ಟು, ನಂಬಿಕೆ ಮಾತ್ರ ಸಾಸಿವೆಯಷ್ಟು. ಅರ್ಧ ಹತ್ತಿ ಪೂರ್ತಿ ಹತ್ತಿದೆ ಅನ್ನುವ ಜಾತಿ ಅವನದು. ಹಾಗಾಗಿ ದಿನಾ ಬೆಳಿಗ್ಗೆ ಅವನ ಹಿಂದೆ ತಾನೂ ಹೊರಟಳು. ಸುಮ್ಮನೆ ಕೈ ಬೀಸಿಕೊಂಡು ಹೋದರೆ ನಾಲ್ಕು ಜನ ಏನಂದಾರು ಎಂದು ಸೊಂಟಕ್ಕೊಂದು ಕೊಡ. ಅವನು ಹುಡೇವು ಹತ್ತಿದರೆ ಅವಳೂ ಹತ್ತುವಳು. ಅವನು ಬಾವಿಗೆ ಇಳಿದರೆ ಅವಳೂ ಇಳಿದು, ಕೊಡ ತುಂಬಿಕೊಂಡು ಹಿಂದೆ ಬರುವಳು. ಅವನು ಎಲ್ಲಾದರೂ ಗೋಡೆಗೆ ಒರಗಿದರೆ ಸಾಕು, ಹಿಂದಿನಿಂದ ಮಾತು ಬರುತ್ತಿತ್ತು: "ಕುಂತೀರೇನು?"

"ನಿಂತೀನಿ! ಕಣ್ಣ ಕಾಣಸಂಗಿಲ್ಲೇನು?"

ರಾತ್ರಿ ಊಟವಾದ ಮೇಲೆ ಅವಳೇ ಔಡಲೆಣ್ಣೆ ಬೆಚ್ಚಗೆ ಮಾಡಿ ಅವನ ಮೊಣಕಾಲು ತಿಕ್ಕುವಳು. ಹೋಗಬೇಡಿ ಎನ್ನುವವಳೂ ಅವಳೇ, ಹೋಗುವ ಕಾಲು ತಿಕ್ಕುವವಳೂ ಅವಳೇ. ಆ ವರ್ಷದ ಸೀರೆಯನ್ನೂ ತಂದಿಟ್ಟಿದ್ದಳು, ಗಿಳಿಹಸಿರು ಒಡಲು, ಕೆಂಪು ಅಂಚು.

ಶಿವರಾತ್ರಿಯ ಮರುದಿನ ಶಾಂತಲಿಂಗಪ್ಪ ಕಂಬಿಯನ್ನೇ ಹೆಗಲಿಗೇರಿಸಿಕೊಂಡು ಹೊರಟ. ಅಷ್ಟು ಜಂಬ ಬೇಕಿರಲಿಲ್ಲ, ಆದರೆ ಅವನಿಗೆ ಯಾರು ಹೇಳಬೇಕು? ಹುಡೇವು ಹತ್ತಿದ, ಇಳಿದ. ಶರಫುದ್ದೀನ ಎದ್ದು ನಿಂತು ಸಲಾಮು ಹೊಡೆದ. ಹೊಲ ದಾಟಿದ. ಬಾವಿಗೂ ಇಳಿದ, ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಇನ್ನು ಹತ್ತಿದರೆ ಆಯಿತು, ಶ್ರೀಶೈಲ ಅವನದೇ.

ಅರ್ಧ ಹತ್ತಿರಬೇಕು. ಬಲ ಮೊಣಕಾಲು ಒಳಗೆ ಲಟಕ್ಕೆಂದಿತು. ಎಡಗಾಲು ಮುಂದಿಟ್ಟ, ಅದೂ ಒಲ್ಲೆ ಅಂದಿತು. ಕಂಬಿ ನೆಲಕ್ಕೆ ತಾಗಬಾರದೆಂದು ಎದೆಗೆ ಅಪ್ಪಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತ. ಗೆಜ್ಜೆಗಳು ಅವನ ಉಸಿರಿಗೆ ತಕ್ಕಂತೆ ಝಲ್ ಝಲ್ ಅಂದವು.

ಗುರುಶಾಂತಮ್ಮ ಹಿಂದೆಯೇ ಬರುತ್ತಿದ್ದಳು. ತುಂಬಿದ ಕೊಡದೊಂದಿಗೆ ಅವನನ್ನು ದಾಟಿ ಮೇಲೆ ಹೋದಳು. ಕೊಡ ಇಟ್ಟು ಮತ್ತೆ ಇಳಿದು ಬಂದಳು. ಕಂಬಿ ಇಸಿದುಕೊಂಡು ತನ್ನ ಹೆಗಲಿಗಿಟ್ಟುಕೊಂಡು, ಇನ್ನೊಂದು ಕೈ ಅವನಿಗೆ ಕೊಟ್ಟಳು. ಆಮೇಲೆ ಶುರುವಾಯಿತು ನೋಡಿ.

"ಬಡಕೊಂಡೆ ನಾ, ಬಡಕೊಂಡೆ! ಕೇಳಿದ್ರೇನು? ಈ ವಯಸ್ಸಿನಾಗ ಕಂಬಿ ಬ್ಯಾರೆ! ಇಲ್ಲೇ ಹಿಂಗಾದ್ರ ಅಲ್ಲಿ ಅಡವ್ಯಾಗ ಯಾರ ಬರಬೇಕು? ಇನ್ನ ಮ್ಯಾಲ ಒಂದು ಹೆಜ್ಜಿ..."

ಮೇಲಿನ ಮೆಟ್ಟಿಲು ಮುಟ್ಟುವವರೆಗೂ ಆ ಬೈಗುಳ ನಿಲ್ಲಲಿಲ್ಲ. ಶಾಂತಲಿಂಗಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಮಗಳ ಸೀರೆ, ಗುಡ್ಡ, ಎಲ್ಲ ಮುಗಿಯಿತು. ಆದರೂ ಅವನ ಕಿವಿ ಒಂದು ಸಂಗತಿ ಹಿಡಿಯಿತು. ಅವನಿಗೆ ಒಂದು ಮಾತಾಡಲು ಉಸಿರಿಲ್ಲ. ಇವಳು ಎರಡು ಸಲ ಹತ್ತಿದ್ದಾಳೆ, ಕೊಡ ಹೊತ್ತಿದ್ದಾಳೆ, ಗಂಡನನ್ನು ಎಳೆದಿದ್ದಾಳೆ, ಇಷ್ಟಾಗಿಯೂ ಇವಳಲ್ಲಿ ಬೈಯಲು ಉಸಿರು ಉಳಿದಿದೆ.

"ಏನ ಬೇ, ದಣಿವಾಗಿಲ್ಲೇನು ನಿನಗ?"

"ದಣೀಲಾಕ ವ್ಯಾಳ್ಯಾ ಎಲ್ಲದ? ಅಡಗಿ ಆಗಬೇಕು."

ಅವನು ಬಾವಿಕಟ್ಟೆಯ ಮೇಲೆ ಕೂತು ಅವಳನ್ನು ನೋಡಿದ. ಹೆಗಲ ಮೇಲೆ ಕಂಬಿ, ಪಕ್ಕದಲ್ಲಿ ಕೊಡ, ಧೂಳು ಮೆತ್ತಿದ ಗಟ್ಟಿ ಪಾದ. ಇಷ್ಟು ವರ್ಷ ಸೀರೆ ಆರಿಸಿದವಳು ಅವಳು. ಉಟ್ಟರೆ ಮಗಳು ಹೇಗೆ ಕಾಣುತ್ತಾಳೆಂದು ನೋಡಿ ಬಂದವನು ಮಾತ್ರ ತಾನು.

"ಈ ಸಲ ನೀ ಹೋಗು," ಅಂದ.

"ಹುಚ್ಚ ಹಿಡದದೇನ್ರಿ? ನನಗ ಗುಡ್ಡ ಏನ ಗೊತ್ತು?"

"ನಾಗಲೂಟಿ ಆದ ಮ್ಯಾಲ ಏನ ಬರ್ತಾದ?"

"ಪೆದ್ದಚೆರುವು," ಅಂದುಬಿಟ್ಟಳು. "ಅಲ್ಲಿ ನೀರು ತುಂಬಿಕೋಬೇಕು. ಮುಂದ ಭೀಮನಕೊಳ್ಳ. ಅದನ್ನ ಹತ್ತಿದ್ರ ಕೈಲಾಸದ್ವಾರ." ಹೇಳಿದ ಮೇಲೆ ಅವಳಿಗೇ ನಾಚಿಕೆಯಾಗಿ ಸೆರಗು ಸರಿಮಾಡಿಕೊಂಡಳು.

"ಕಂಬಿ ಮಾಳಿಂಗಪ್ಪ ಹೊರ್ತಾನ. ಸೀರಿ ನೀ ಒಯ್ಯಿ. ದರ ವರ್ಷ ಅಪ್ಪನೇ ಹೋದ್ರ ಹೆಂಗ? ಮಗಳು ಅವ್ವನ ದಾರಿ ನೋಡಂಗಿಲ್ಲೇನು?"

ಗುರುಶಾಂತಮ್ಮ ಸೆರಗಿನ ತುದಿಯಿಂದ ಕಂಬಿಯ ನಂದಿಗೆ ಮೆತ್ತಿದ್ದ ಧೂಳು ಒರೆಸತೊಡಗಿದಳು.

ಹೋಳಿಯ ಮರುದಿನ ಗುಂಪು ಹೊರಟಿತು. ಊರಾಚೆಯ ಬೇವಿನ ಮರದವರೆಗೆ ಶಾಂತಲಿಂಗಪ್ಪ ಕೋಲೂರಿಕೊಂಡು ಕಳಿಸಲು ಬಂದ. ಔಡಲೆಣ್ಣೆಯ ಶೀಶೆಯನ್ನು ಅವಳ ಚೀಲದಲ್ಲಿ ಸೀರೆಗೆ ತಾಗದಂತೆ ಇಟ್ಟ. "ಇಳಿಯೂ ಮುಂದ ಅಡ್ಡಡ್ಡ ಕಾಲಿಡು. ಅವಸರ ಮಾಡಬ್ಯಾಡ," ಅಂತ ನೂರನೆಯ ಸಲ ಹೇಳಿದ.

ಅವಳು ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು. "ಅಪ್ಪ ಯಾಕ ಬರಲಿಲ್ಲ ಅಂತ ಮಗಳು ಕೇಳಿದ್ರ ಏನ ಹೇಳ್ಲಿ?"

"ಮೊಣಕಾಲು ಹೋಗ್ಯಾವ ಅನ್ನು." ಅಂದವನು ಮರುಕ್ಷಣವೇ ಕೈ ಎತ್ತಿ ತಡೆದ. "ಬ್ಯಾಡ, ಬ್ಯಾಡ. ಹಬ್ಬದ ದಿನ ಚಿಂತಿ ಮಾಡ್ತಾಳ. ಹೊಲದಾಗ ರಾಶಿ ಇನ್ನಾ ಮುಗಿದಿಲ್ಲ ಅನ್ನು."